ಕಡುಂಬುಟ್ಟಿನ ಪಕ್ಕ ಬಾಂಬು

ಕೊಡವ ತಕ್ಕ್ (ಕೊಡವರ ಭಾಷೆ)–ಕನ್ನಡ ನಿಘಂಟಿನಲ್ಲಿ ಪ್ರತಿ ಪದದ ಪಕ್ಕ ‘ಕೃಷಿ’, ‘ಅಡುಗೆ’, ‘ಕಾನೂನು’ ಎಂದು ಅಚ್ಚು ಹಾಕುತ್ತಾ ಹೋದರೆ ಪುಟ ಉಬ್ಬುತ್ತದೆ. ಬದಲಿಗೆ ಪುಟ್ಟ ಚಿತ್ರ ಕೂರಿಸಿದರಾಯಿತು: ಒಡಿಕತ್ತಿಗೆ ಜೋಡಿ ಕತ್ತಿ, ವಂಶಪಾರಂಪರ್ಯದ ಜಮ್ಮಾ ಜಮೀನಿಗೆ ತಕ್ಕಡಿ, ಕಡುಂಬುಟ್ಟು ಎಂಬ ಅಕ್ಕಿ ಉಂಡೆಗೆ ಪಾತ್ರೆ. ಚೆಂದವೇ. ಮಡಿಕೇರಿಯಲ್ಲಿ ಪಾತ್ರೆಯಾಗಿದ್ದದ್ದು ಮೈಸೂರಿನ ಪ್ರೆಸ್ಸು ತಲುಪುವಷ್ಟರಲ್ಲಿ ಬಾಂಬು ಆಗದಿದ್ದರೆ.

ಇದರಲ್ಲಿ ಮಾಟಮಂತ್ರ ಏನೂ ಇಲ್ಲ. ಹಳೇ ಮಾದರಿಯ ಚಿಹ್ನೆ ಫಾಂಟಿನಲ್ಲಿ ಚಿತ್ರವೆಂದರೆ ಇಂಗ್ಲಿಷ್ ಅಕ್ಷರ ಹಾಕಿಕೊಂಡ ವೇಷ. ಫೈಲಿನೊಳಗೆ ಇರುವುದು ಬರೀ ದೊಡ್ಡ ‘ಎಂ’. ದುಡ್ಡು ಕೊಟ್ಟು ತಂದ ಫಾಂಟಿನಲ್ಲಿ ಆ ಜಾಗದಲ್ಲಿ ಪಾತ್ರೆ ಇತ್ತು ಅನ್ನಿ. ಪ್ರೆಸ್ಸಿನಲ್ಲಿ ಆ ಫಾಂಟ್ ಇಲ್ಲ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್ ಗುಲಾಬಿ ಬಣ್ಣ ಬಳಿದು ಕೂಗುತ್ತದೆ. ಆಪರೇಟರ್ ‘ಯಾವುದೋ ಚಿಹ್ನೆ ಇರಬೇಕು’ ಎಂದು ವಿಂಗ್‌ಡಿಂಗ್ಸ್ ಎಂಬ ಚಿತ್ರದ ಫಾಂಟ್ ಹಾಕಿಬಿಡುತ್ತಾರೆ. ಅಲ್ಲಿ ದೊಡ್ಡ ‘ಎಂ’ ಎಂದರೆ ಬತ್ತಿ ಸಮೇತ ಬಾಂಬು. ಕಡುಂಬುಟ್ಟೂ ಗುಂಡಗೇ ಇರುವುದರಿಂದ ಪ್ರೂಫ್ ನೋಡುವವರಿಗೂ ಅನುಮಾನ ಬರುವುದಿಲ್ಲ. ಪಕ್ಕದ ‘ಎನ್’ ತಲೆಬುರುಡೆ. ಅದು ಪಂದಿಕರಿಯ ಎದುರು ಕೂತರೆ ನೆಂಟರು ತಟ್ಟೆ ತಳ್ಳಿ ಏಳುತ್ತಾರೆ. ಇನ್ನೊಬ್ಬರು ಹಳೆಯ ಆಸ್ಕಿ ಕನ್ನಡ ಫಾಂಟ್ ಹಾಕಿದರೋ, ಅದೇ ‘ಎಂ’ ಕನ್ನಡದ ಯಾವುದೋ ತುಂಡಾಗಿ ಬರುತ್ತದೆ. ಯಾವ ಭಾಷೆಯಲ್ಲೂ ಇಲ್ಲದ ಪದವೊಂದು ನಿಘಂಟಿಗೆ ಪುಕ್ಕಟೆ.

ಆದ್ದರಿಂದ ಚಿತ್ರಕ್ಕೆ ತನ್ನದೇ ಸಂಖ್ಯೆ ಇರುವ ಯೂನಿಕೋಡ್ ಚಿಹ್ನೆಯನ್ನೇ ಬಳಸಿ. ಜೋಡಿ ಕತ್ತಿ 2694, ತಕ್ಕಡಿ 2696; ಡೆಜಾವು ಸಾನ್ಸ್ ಫಾಂಟಿನಲ್ಲಿ ಎರಡೂ ಇವೆ. ಫಾಂಟ್ ಕಳೆದುಹೋದರೆ ಖಾಲಿ ಚೌಕ ಬಂದೀತು, ಬಾಂಬಂತೂ ಬಾರದು. ಕೆಲವು ತಂತ್ರಾಂಶಗಳು ಇವಕ್ಕೆ ಇಮೋಜಿಯ ಬಣ್ಣ ಬಳಿಯುತ್ತವೆ, ಒಂದೇ ಬಣ್ಣದ ಅಚ್ಚಿನಲ್ಲಿ ಅದು ಬೂದು ಮಸಿಯಾಗುತ್ತದೆ. ಚಿಹ್ನೆಯ ಬೆನ್ನಿಗೇ ಎಫ್‌ಇ0ಇ ಎಂಬ ಕಣ್ಣಿಗೆ ಕಾಣದ ಸಂಕೇತ ಸೇರಿಸಿದರೆ ಸಾಮಾನ್ಯವಾಗಿ ತೆಪ್ಪಗಿರುತ್ತದೆ.

ಇನ್ನೂ ಜಾಣತನ ಬೇಕೆಂದರೆ ಹಸ್ತಪ್ರತಿಯಲ್ಲಿ ಚಿತ್ರವನ್ನೇ ಇಡಬೇಡಿ. [ಕಾನೂನು], [ಅಡುಗೆ] ಎಂದು ಕನ್ನಡದಲ್ಲೇ ಬೆರಳಚ್ಚು ಮಾಡಿ, ತಿದ್ದುಪಡಿಯೆಲ್ಲ ಮುಗಿದ ಮೇಲೆ ಒಂದೇ ಸಲ ಹುಡುಕಿ–ಬದಲಿಸಿ. ಚಿಹ್ನೆಗೆ ಪ್ರತ್ಯೇಕ ಕ್ಯಾರೆಕ್ಟರ್ ಸ್ಟೈಲ್ (ಫಾಂಟು, ಗಾತ್ರವನ್ನೆಲ್ಲ ಒಂದೇ ಹೆಸರಿನಡಿ ಉಳಿಸಿಡುವ ವ್ಯವಸ್ಥೆ) ಇರಲಿ. 11 ಪಾಯಿಂಟಿನ ಅಕ್ಷರಕ್ಕೆ 8 ಪಾಯಿಂಟಿನ ಚಿಹ್ನೆ ಸಾಕು, ಇನ್ನೂ ಕುಗ್ಗಿಸಿದರೆ ಜೋಡಿ ಕತ್ತಿ ಕಾಳುಮೆಣಸಾಗುತ್ತದೆ. ಒತ್ತಕ್ಷರದ ಪಕ್ಕ ಅದು ಮರ ಹತ್ತಿ ಕೂತಂತೆ ಕಂಡರೆ ಅಕ್ಷರ ಕೂರುವ ಗೆರೆಯಾದ ಬೇಸ್‌ಲೈನ್‌ನಿಂದ ಅರ್ಧ ಪಾಯಿಂಟು ಇಳಿಸಿ. ಪದಕ್ಕೂ ಚಿಹ್ನೆಗೂ ನಡುವೆ ಸಾಲು ಮುರಿಯದ ಸ್ಪೇಸ್ ಕಡ್ಡಾಯ. ಇಲ್ಲದಿದ್ದರೆ ಎರಡು ಕಾಲಂ ಪುಟದಲ್ಲಿ ಚಿಹ್ನೆ ಮುಂದಿನ ಸಾಲಿಗೆ ಜಾರಿ ಅನಾಥವಾಗುತ್ತದೆ. ಪದಕ್ಕಿಂತ ಮೊದಲು ಇಡಲೇಬೇಡಿ. ಇಟ್ಟರೆ ಅಕಾರಾದಿ ಜೋಡಿಸುವಾಗ ಕತ್ತಿಗಳೆಲ್ಲ ಒಂದು ಗುಂಪು, ತಕ್ಕಡಿಗಳೆಲ್ಲ ಇನ್ನೊಂದು ಗುಂಪು. ಚಿಹ್ನೆಗಳ ಅರ್ಥ ಮುನ್ನುಡಿಯಲ್ಲಿದ್ದರೆ ಯಾರೂ ಓದುವುದಿಲ್ಲ, ಪ್ರತಿ ಪುಟದ ಅಡಿಯಲ್ಲಿ ಹಾಕಿ.

ಇಷ್ಟಾದ ಮೇಲೆ ಉಳಿಯುವ ತಕರಾರು ‘ಬಾಣೆ’ ಎಂಬ ಪದದ್ದು. ಗದ್ದೆಗೆ ಸೊಪ್ಪು, ಒಲೆಗೆ ಸೌದೆ ಕೊಡುವ ಜಾಗವೆಂದು ಎಲೆಯ ಚಿಹ್ನೆ ಹಾಕಿದರೆ ಬೆಳೆಗಾರರು ತಲೆಯಾಡಿಸುತ್ತಾರೆ, ಜಮೀನಿನ ಹಕ್ಕಿನ ಪದವಲ್ಲವೇ ಎಂದು ವಕೀಲರು ತಕ್ಕಡಿ ಎಲ್ಲಿ ಎನ್ನುತ್ತಾರೆ. ಎರಡನ್ನೂ ಹಾಕಿಬಿಡಿ. ನಡುವೆ ಸಾಲು ಮುರಿಯದ ಸ್ಪೇಸ್ ಮರೆಯಬೇಡಿ.