ತ್ರಿಕೋನಕ್ಕೆ ನಾಲ್ಕು ಮೂಲೆ

ನನ್ನ ಆಸೆ ಬಹಳ ಸಣ್ಣದಿತ್ತು. ಪರದೆಯ ಮೇಲೆ ಒಂದು ತ್ರಿಕೋನ ಬರಬೇಕು, ಅದು ತಿರುಗಬೇಕು, ಅದರದೊಂದು ವಿಡಿಯೊ ಮಾಡಿ, ಹಿಂದೆ ಸ್ವಲ್ಪ ಸಂಗೀತ ಹಾಕಿ ನಾಲ್ಕು ಜನಕ್ಕೆ ತೋರಿಸಬೇಕು. ಅಷ್ಟೇ. ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಯುವವರು ಮೊದಲು ಬರೆಯುವುದು ತ್ರಿಕೋನವನ್ನೇ, ಅಕ್ಷರ ಕಲಿಯುವ ಮಕ್ಕಳು ‘ಅ’ ತಿದ್ದುವ ಹಾಗೆ. ನಾನು ತಿದ್ದುವುದನ್ನು ಬಿಟ್ಟು, ಯಾವ ಸ್ಲೇಟು ತಗೊಳ್ಳಲಿ ಅಂತ ಕೇಳಿಬಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಕೇಳಿದ್ದು ನಾಲ್ಕು ಜನರ ಹತ್ತಿರ. ಪ್ರತಿ ಭಾನುವಾರ ವಿಡಿಯೊ ಕಾಲಿನಲ್ಲಿ ಸೇರುವ ಹಳೇ ಗುಂಪು ನಮ್ಮದು. ಅವರ ಹೆಸರು ಬೇಡ, ಅವರೇ ತಮ್ಮನ್ನು ಕರೆದುಕೊಳ್ಳುವುದು ಬೇರೆ ತರ. ಡೆಬಿಯನ್ ಅಣ್ಣ, ಆರ್ಚ್ ಹುಡುಗ, ಬಿಎಸ್‌ಡಿ ಮೇಷ್ಟ್ರು, ಹೈಕು ಅಕ್ಕ. ಎಲ್ಲ ಅವರವರು ಬಳಸುವ ಆಪರೇಟಿಂಗ್ ಸಿಸ್ಟಂನ ಹೆಸರು, ಅಂದರೆ ವಿಂಡೋಸ್ ತರ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಡೆಬಿಯನ್, ಆರ್ಚ್ ಎರಡೂ ಲಿನಕ್ಸಿನ ಬಗೆಗಳು. “ಗ್ರಾಫಿಕ್ಸಿಗೂ ಮಲ್ಟಿಮೀಡಿಯಾಕ್ಕೂ ಯಾವ ಫ್ರೀ ಆಪರೇಟಿಂಗ್ ಸಿಸ್ಟಂ ಒಳ್ಳೆಯದು?” ಅಂದೆ. ಹತ್ತು ನಿಮಿಷದ ಪ್ರಶ್ನೆ ಅಂದುಕೊಂಡಿದ್ದೆ. ಅದು ಐದು ಭಾನುವಾರ ತಿಂದಿತು.

ಮೊದಲನೇ ಭಾನುವಾರ ಪೂರ್ತಿ ‘ಫ್ರೀ’ ಅನ್ನುವ ಪದದಲ್ಲೇ ಕಳೆಯಿತು. ಫ್ರೀ ಅಂದರೆ ಪುಕ್ಕಟೆ ಅಲ್ಲ, ಸ್ವಾತಂತ್ರ್ಯ ಅಂತ ಡೆಬಿಯನ್ ಅಣ್ಣ ಶುರುಮಾಡಿ, 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಸ್ವತಂತ್ರ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ ಕಡೆಯಿಂದ ಕಥೆ ಹೇಳಿದ. ನಾನು ಪುಕ್ಕಟೆ ಅನ್ನುವ ಅರ್ಥದಲ್ಲೇ ಕೇಳಿದ್ದೆ, ಬಿಟ್ಟಿ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜಾತಿ ನಾನು, ಆದರೆ ಅವನ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು, “ನಿಮ್ಮ ಗ್ನೂ ಲೈಸೆನ್ಸಿನಲ್ಲಿ ಷರತ್ತು ಜಾಸ್ತಿ, ಬದಲಾಯಿಸಿ ಹಂಚಿದವನು ಸೋರ್ಸ್ ಕೋಡ್ ಕೊಡಲೇಬೇಕು. ನಮ್ಮ ಬಿಎಸ್‌ಡಿ ಲೈಸೆನ್ಸ್ ನೋಡಪ್ಪ, ತಗೊಂಡು ಏನಾದ್ರೂ ಮಾಡ್ಕೊ ಅನ್ನುತ್ತದೆ” ಅಂದರು. “ಮಾಡ್ಕೊಂಡ್ರಲ್ಲ ಮೇಷ್ಟ್ರೇ, ತಗೊಂಡು ಹೋಗಿ ಬಾಗಿಲು ಹಾಕ್ಕೊಂಡ್ರು” ಅಂದ ಅಣ್ಣ. ಮೇಷ್ಟ್ರು ಇದಕ್ಕೇ ಕಾಯುತ್ತಿದ್ದವರ ಹಾಗೆ, “ಪ್ಲೇಸ್ಟೇಷನ್ 4 ಒಳಗೆ ಏನಿದೆ ಗೊತ್ತಾ?” ಅಂದರು. ಫ್ರೀಬಿಎಸ್‌ಡಿ ಆಧಾರದ ಮೇಲೆ ಮಾಡಿದ ವ್ಯವಸ್ಥೆ ಇದೆ, ಅದು ನಿಜ. ಅದನ್ನು ಅವರು ಐದು ಭಾನುವಾರದಲ್ಲಿ ಒಂಬತ್ತು ಸಲ ಹೇಳಿದರು. ನಾನು ಎಣಿಸಿದ್ದೇನೆ.

ಎರಡನೇ ವಾರ ಸಾಕ್ಷಿಗಳ ವಾರ. 1997ರ ಆ ಹಡಗು ಮುಳುಗುವ ಸಿನಿಮಾದ ಗ್ರಾಫಿಕ್ಸಿಗೆ ಲಿನಕ್ಸ್ ಯಂತ್ರಗಳೂ ದುಡಿದಿದ್ದವು ಅಂತ ಆರ್ಚ್ ಹುಡುಗ. ಆಗ ಅವನು ಹುಟ್ಟಿರಲಿಲ್ಲ. ಅಣ್ಣ ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರಿನ ಕಥೆ ತೆಗೆದ: 2002ರಲ್ಲಿ ಅದನ್ನು ಹೂಡಿಕೆದಾರರ ಕೈಯಿಂದ ಬಿಡಿಸಿಕೊಳ್ಳಲು ಅದನ್ನು ಹುಟ್ಟುಹಾಕಿದ ಟೋನ್ ರೂಸೆಂಡಾಲ್ 1 ಲಕ್ಷ ಯೂರೊ ಚಂದಾ ಕೇಳಿದರು, ಏಳೇ ವಾರದಲ್ಲಿ ಸೇರಿತು, ಈಗ ಅದರಲ್ಲೇ ಮಾಡಿದ ಲಾಟ್ವಿಯಾದ ಅನಿಮೇಷನ್ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಕೇಳಿದರೆ ರೋಮಾಂಚನವಾಗುವ ಕಥೆಯೇ. ಆದರೆ ಬ್ಲೆಂಡರ್ ವಿಂಡೋಸ್‌ನಲ್ಲೂ ಓಡುತ್ತದಲ್ಲ, ಅದರಿಂದ ನಿಮ್ಮ ಸಿಸ್ಟಂ ಒಳ್ಳೆಯದು ಅಂತ ಹೇಗಾಯಿತು ಅಂದೆ. ನಾಲ್ಕೂ ಜನ ಸುಮ್ಮನಾದರು. ಅವರೆಲ್ಲ ಒಟ್ಟಿಗೆ ಸುಮ್ಮನಾದದ್ದು ಅದೊಂದೇ ಸಲ.

ಹೈಕು ಅಕ್ಕ ಮಾತ್ರ ಮಾತು ಕಡಿಮೆ. ಅವಳು ಹೇಳಿದ್ದು ಇಷ್ಟು. 1990ರ ದಶಕದಲ್ಲಿ ಬಿಓಎಸ್ ಅಂತ ಒಂದು ಆಪರೇಟಿಂಗ್ ಸಿಸ್ಟಂ ಇತ್ತು, ಮಲ್ಟಿಮೀಡಿಯಾಕ್ಕೆ ಅಂತಲೇ ಕಟ್ಟಿದ್ದು, ಆಗಿನ ಬಡಪಾಯಿ ಯಂತ್ರದಲ್ಲೂ ನಾಲ್ಕಾರು ವಿಡಿಯೊ ಒಟ್ಟಿಗೆ ಓಡಿಸಿ ತೋರಿಸುತ್ತಿದ್ದರು. 2001ರಲ್ಲಿ ಅದನ್ನು ಕಟ್ಟಿದ ಕಂಪನಿಯ ಆಸ್ತಿಯನ್ನು ಪಾಮ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. ಅಭಿಮಾನಿಗಳು ಅದೇ ವರ್ಷ ಮೊದಲಿನಿಂದ ಬರೆಯಲು ಕೂತರು, ಅದೇ ಹೈಕು. ಆ ಹೆಸರು ಯಾಕೆ ಅಂದರೆ ಬಿಓಎಸ್‌ನ ಬ್ರೌಸರ್ ಎರರ್ ಬಂದಾಗ ಹೈಕು ಪದ್ಯ ಹೇಳುತ್ತಿತ್ತಂತೆ. ಇದನ್ನು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಆವತ್ತು ರಾತ್ರಿಯೇ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು, ಚೆಂದವೋ ಚೆಂದ. “ಅಕ್ಕಾ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸೋದು ಹೇಗೆ?” ಅಂದೆ. “ಇನ್ನೂ ಇಲ್ಲ, 3ಡಿ ಎಲ್ಲ ಸಿಪಿಯುನಲ್ಲೇ, ಕಂಪ್ಯೂಟರಿನ ಮುಖ್ಯ ಚಿಪ್ಪಿನಲ್ಲೇ” ಅಂದಳು. “ಯಾವಾಗ ಬರುತ್ತೆ?” “ಬರುತ್ತೆ.” ಇಷ್ಟು ಶಾಂತಿ ಇರುವವರು ಮಾತ್ರ ಆ ಸಿಸ್ಟಂ ಬಳಸಬಹುದು.

ಕೊನೆಗೆ ನಾನು ಡೆಬಿಯನ್ ಹಾಕಿದೆ. ಯಾವ ವಾದಕ್ಕೂ ಸೋತು ಅಲ್ಲ, ಕಾಲ್ ಮುಗಿದ ಮೇಲೂ ಫೋನ್ ಮಾಡಿ ಕಾಡಿದವನು ಅಣ್ಣ ಒಬ್ಬನೇ.

ತ್ರಿಕೋನ ಬಂತು! ಪ್ರೋಗ್ರಾಮಿನಿಂದ ಪರದೆ ಮೇಲೆ ಚಿತ್ರ ಬರೆಸುವ ಓಪನ್‌ಜಿಎಲ್‌ನಲ್ಲಿ, ಕೆಂಪು ಹಸಿರು ನೀಲಿ ಮೂಲೆಗಳು, ಮಧ್ಯದಲ್ಲಿ ಬಣ್ಣ ಕಲೆಸಿಕೊಂಡು, ತಿರುಗುತ್ತಾ. ನಾನು ಒಬ್ಬನೇ ಚಪ್ಪಾಳೆ ತಟ್ಟಿದೆ. ಆ ಜೋಶಿನಲ್ಲಿ ಹಿಂದುಗಡೆ ಒಂದು ಮೋಡದ ಶೇಡರ್, ಅಂದರೆ ಪ್ರತಿ ಚುಕ್ಕೆಯ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ, ಹಾಕಿದೆ ನೋಡಿ, ಸೆಕೆಂಡಿಗೆ ನಾಲ್ಕು ಫ್ರೇಮಿಗೆ ಇಳಿಯಿತು. ಲ್ಯಾಪ್‌ಟಾಪಿನ ಫ್ಯಾನು ವಿಮಾನ ಏರುವ ಹಾಗೆ ಕೂಗಿತು. ನನ್ನ ಗಣಿತವೇ ತಪ್ಪಿರಬೇಕು ಅಂತ ಎರಡು ದಿನ ಮೋಡವನ್ನು ತೆಳ್ಳಗೆ ಮಾಡಿದೆ. ಮೂರನೇ ದಿನ ಆರ್ಚ್ ಹುಡುಗ, “ಗುರು, ಜಿಎಲ್‌ಎಕ್ಸ್‌ಇನ್ಫೊ ಓಡಿಸಿ, ಚಿತ್ರ ಯಾರು ಬರೀತಿದ್ದಾರೆ ಅಂತ ಹೇಳೋ ರೆಂಡರರ್ ಸಾಲು ಓದು” ಅಂದ. ‘ಎಲ್‌ಎಲ್‌ವಿಎಂಪೈಪ್’ ಅಂತಿತ್ತು. ಅವನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಸಿಗದಾಗ ಮೇಸಾ ಅನ್ನುವ ಲೈಬ್ರರಿ ಪಾಪ ಆ ಕೆಲಸವನ್ನೆಲ್ಲ ಸಿಪಿಯು ತಲೆಗೆ ಕಟ್ಟುತ್ತದೆ, ಅದರ ಹೆಸರು ಇದು. ದುಡ್ಡು ಕೊಟ್ಟು ತಂದ ಗ್ರಾಫಿಕ್ಸ್ ಕಾರ್ಡ್ ಎರಡು ದಿನ ಪೂರ್ತಿ ನಿದ್ದೆ ಹೊಡೆದಿದೆ. ಅಂದರೆ ಹೈಕು ಅಕ್ಕನ ಸಿಸ್ಟಂನಲ್ಲಿ ಆಗುತ್ತಿದ್ದದ್ದೇ ನನ್ನಲ್ಲೂ ಆಗುತ್ತಿತ್ತು, ಶಾಂತಿ ಒಂದು ಬಿಟ್ಟು.

ಕಾರಣ ಸೆಕ್ಯೂರ್ ಬೂಟ್, ಯಂತ್ರ ಶುರುವಾಗುವಾಗ ಸಹಿ ನೋಡಿ ಒಳಗೆ ಬಿಡುವ ಕಾವಲುಗಾರ. ಹೊರಗಿನಿಂದ ತಂದು ಕಟ್ಟಿದ ಡ್ರೈವರಿಗೆ ಯಂತ್ರ ನಂಬುವ ಸಹಿ ಇಲ್ಲದಿದ್ದರೆ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ನಾವೇ ಒಂದು ಕೀಲಿ ಮಾಡಿ, ಪಾಸ್‌ವರ್ಡ್ ಕೊಟ್ಟು, ರೀಬೂಟ್ ಮಾಡಬೇಕು. ಆಗ ಒಂದು ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡಿನೊಳಗೆ ಒಂದು ಗುಂಡಿ ಒತ್ತಿ ‘ಹೌದು, ಈ ಕೀಲಿ ನನ್ನದೇ’ ಅಂತ ಒಪ್ಪಿಕೊಳ್ಳಬೇಕು. ಒತ್ತದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ, ಮತ್ತೆ ಮೊದಲಿನಿಂದ. ಮೊದಲನೇ ಸಲ ನೀಲಿ ಬಣ್ಣ ನೋಡಿ ಹೆದರಿ ಕೈ ಬಿಟ್ಟೆ. ಎರಡನೇ ಸಲ ಫೋನಿನಲ್ಲಿ ಅಣ್ಣನಿಗೆ ‘ಬಂತು ಬಂತು’ ಅಂತ ವಿವರಿಸುವಷ್ಟರಲ್ಲಿ ಹತ್ತು ಸೆಕೆಂಡ್ ಮುಗಿದಿತ್ತು. ಮೂರನೇ ಸಲ ಪಾಸ್‌ವರ್ಡ್ ಮರೆತೆ. ನಾಲ್ಕನೇ ಸಲ ಎಲ್ಲ ಸರಿಹೋಯಿತು, ಮೋಡ ಬೆಣ್ಣೆಯ ಹಾಗೆ ಜಾರಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪ್ರೋಗ್ರಾಮನ್ನು ಆರ್ಚ್ ಹುಡುಗನಿಗೆ ಕಳಿಸಿದೆ. ಅವನಲ್ಲಿ ಬರೀ ಕಪ್ಪು ಕಿಟಕಿ. ಸಿಕ್ಕಿದನಲ್ಲ ಅಂತ, “ನಿನ್ನ ಆರ್ಚೇ ಸರಿಯಿಲ್ಲ” ಅಂತ ಒಂದು ವಾರ ರೇಗಿಸಿದೆ. ಆಮೇಲೆ ನೋಡಿದರೆ ತಪ್ಪು ನನ್ನ ಕೋಡಿನದೇ. ಹೊಸ ಓಪನ್‌ಜಿಎಲ್‌ನ ಕೋರ್ ಪ್ರೊಫೈಲಿನಲ್ಲಿ ಚಿತ್ರ ಬರೆಯುವ ಮೊದಲು ಮೂಲೆಗಳ ಮಾಹಿತಿ ಎಲ್ಲಿ ಹೇಗಿದೆ ಅಂತ ನೆನಪಿಡುವ ವರ್ಟೆಕ್ಸ್ ಅರೇ ಆಬ್ಜೆಕ್ಟ್ ಅಂತ ಒಂದನ್ನು ಕಟ್ಟಿಕೊಳ್ಳಲೇಬೇಕು. ನಾನು ಕಟ್ಟಿರಲಿಲ್ಲ. ನನ್ನ ಡ್ರೈವರ್ ಉದಾರಿ, ‘ಹೋಗಲಿ ಬಿಡು’ ಅಂತ ಬರೆದುಕೊಟ್ಟಿತ್ತು. ಅವನದು ಕಟ್ಟುನಿಟ್ಟು, ನಿಯಮ ಅಂದರೆ ನಿಯಮ. ಓಪನ್‌ಜಿಎಲ್ ತಾನಾಗಿ ಬಾಯಿ ಬಿಟ್ಟು ತಪ್ಪು ಹೇಳುವುದೂ ಇಲ್ಲ, ನಾವೇ ಹೋಗಿ ‘ಏನಾದರೂ ತಪ್ಪಾಯ್ತಾ?’ ಅಂತ ಕೇಳಬೇಕು. ಕೇಳಿದ್ದರೆ ಒಂದು ಸಾಲಿನಲ್ಲಿ ಹೇಳಿರುತ್ತಿತ್ತು. ಹುಡುಗ ಸೇಡು ತೀರಿಸಿಕೊಳ್ಳಲು, “ಓಪನ್‌ಜಿಎಲ್ 1992ರದ್ದು, ಮ್ಯೂಸಿಯಂ ಸಾಮಾನು, ಅದರ ಬದಲು ಹೊಸ ವಲ್ಕನ್ ಕಲಿ” ಅಂದ. ನೋಡಿದೆ. ವಲ್ಕನ್‌ನಲ್ಲಿ ಒಂದು ತ್ರಿಕೋನಕ್ಕೆ ಹತ್ತಿರ ಹತ್ತಿರ ಸಾವಿರ ಸಾಲು ಕೋಡು. ಮೂಲೆಗೆ ಮುನ್ನೂರು ಚಿಲ್ಲರೆ. ನಮಸ್ಕಾರ ಹೇಳಿ ವಾಪಸ್ ಬಂದೆ.

ಆ ಮುಂದಿನ ಭಾನುವಾರ ಹುಡುಗ ಕಾಲಿಗೆ ಬರಲಿಲ್ಲ. ಸೂಚನೆ ಓದದೆ ಅಪ್‌ಡೇಟ್ ಒತ್ತಿದ್ದನಂತೆ, ಯಂತ್ರ ಮೇಲೇಳಲೇ ಇಲ್ಲವಂತೆ. ನಾವು ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಒಂದು ನಿಮಿಷ ಮೌನ ಆಚರಿಸಿದೆವು.

ತ್ರಿಕೋನದ ಕೆಳಗೆ ಕನ್ನಡದಲ್ಲಿ ಹೆಸರು ಹಾಕೋಣ ಅಂತ ಹೋಗಿ ಇನ್ನೊಂದು ವಾರ ಹಾಳು. ಇಂಗ್ಲಿಷಿನ ಹಾಗೆ ಒಂದೊಂದೇ ಅಕ್ಷರ ಸಾಲಾಗಿ ಅಂಟಿಸಿದರೆ ಒತ್ತುಗಳು ಕೆಳಗೆ ಇಳಿಯುವುದೇ ಇಲ್ಲ, ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂರುತ್ತವೆ. ‘ತ್ರಿಕೋನ’ ಅನ್ನುವ ಪದದ ಮೊದಲ ಅಕ್ಷರವೇ ನಾಲ್ಕು ಹೋಳು. ಅದಕ್ಕೆ ಹಾರ್ಫ್‌ಬಝ್ ಅಂತ ಒಂದು ಲೈಬ್ರರಿ ಇದೆ, ಯಾವ ಒತ್ತು ಎಲ್ಲಿ ಕೂರಬೇಕು ಅಂತ ಅದು ಹೇಳುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರ ಒಳಗೂ ಅದೇ ದುಡಿಯುತ್ತಿದೆ. ಈ ನಾಲ್ವರ ಜಗಳದಲ್ಲಿ ಒಬ್ಬರೂ ಅದರ ಹೆಸರು ಎತ್ತಿರಲಿಲ್ಲ, ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಉಪಕಾರ ಮಾಡಿದ್ದು ಅದೊಂದೇ.

ಕೊನೆಯ ಭಾನುವಾರ. ನಾಲ್ವರಿಗೂ ನೇರವಾಗಿ ತೋರಿಸೋಣ ಅಂತ ಕಾಲಿನಲ್ಲಿ ಸ್ಕ್ರೀನ್ ಶೇರ್ ಒತ್ತಿದೆ. “ಕಪ್ಪಾಗಿದೆ” ಅಂದರು ಮೇಷ್ಟ್ರು. ನನಗೆ ಚೆನ್ನಾಗಿ ಕಾಣುತ್ತಿದೆ, ಅವರಿಗೆ ಅಮಾವಾಸ್ಯೆ. ಪರದೆ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ಎಕ್ಸ್ ವಿಂಡೋ ಪದ್ಧತಿಯಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಪಕ್ಕದವನ ಕಿಟಕಿ ಇಣುಕಬಹುದಿತ್ತು. ಈಗಿನ ವೇಲ್ಯಾಂಡ್‌ನಲ್ಲಿ ಹಾಗಿಲ್ಲ, ಅನುಮತಿ ಕೇಳಿ, ಶಬ್ದ ಮತ್ತು ವಿಡಿಯೊ ಸಾಗಿಸುವ ಪೈಪ್‌ವೈರ್ ಮೂಲಕ ಬರಬೇಕು. ನನ್ನ ಹಳೇ ಕಾಲ್ ಪ್ರೋಗ್ರಾಮಿಗೆ ಆ ದಾರಿ ಗೊತ್ತಿರಲಿಲ್ಲ. ಸಂಗೀತವೂ ಇಲ್ಲ. ಹುಡುಕಿದರೆ ಸಂಗೀತದ ಶಬ್ದ ಮಾತ್ರ ಎಚ್‌ಡಿಎಂಐ ತಂತಿ ಹಿಡಿದು ಮಾನಿಟರಿಗೆ ಹೋಗಿ ಕೂತಿತ್ತು. ಆ ಮಾನಿಟರಿಗೆ ಸ್ಪೀಕರ್ರೇ ಇಲ್ಲ.

ಇಷ್ಟು ಸಾಕಾಯಿತು ಮೇಷ್ಟ್ರಿಗೆ. “ನಮ್ಮಲ್ಲಿ ಸೌಂಡಿಗೆ ಮೊದಲಿಂದ ಒಂದೇ ಓಎಸ್‌ಎಸ್. ನೀವು ಅದನ್ನ ಬಿಟ್ರಿ, ಆಲ್ಸಾ ಅಂದ್ರಿ, 2004ರಲ್ಲಿ ಪಲ್ಸ್‌ಆಡಿಯೊ ಅಂದ್ರಿ, ಈಗ ಪೈಪ್‌ವೈರ್ ಅಂತೀರಿ” ಅಂತ ಶುರುವಾದರು. ಪೈಪ್‌ವೈರ್ ಬಗ್ಗೆ ನನಗೇನೋ ಗೌರವವಿದೆ. ಪಲ್ಸ್‌ಆಡಿಯೊ ಕೇಳಿಕೊಂಡು ಬಂದವರಿಗೆ ನಾನೇ ಪಲ್ಸ್‌ಆಡಿಯೊ ಅನ್ನುತ್ತದೆ, ಜ್ಯಾಕ್ ಬೇಕು ಅಂದವರಿಗೆ ನಾನೇ ಜ್ಯಾಕ್ ಅನ್ನುತ್ತದೆ, ಎರಡು ಮನೆಯವರಿಗೂ ಬೇಕಾದ ಬೀಗರ ಹಾಗೆ. ಆದರೆ ಆವತ್ತು ವಾದ ಮಾಡುವ ಮನಸ್ಸಿರಲಿಲ್ಲ. ಕಾಲಿನಲ್ಲಿ ಮ್ಯೂಟ್ ಒತ್ತಿಕೊಂಡೆ, ಅವರು ಜಗಳವಾಡಲಿ, ನಾನು ಅಷ್ಟರಲ್ಲಿ ಪರದೆ ರೆಕಾರ್ಡ್ ಮಾಡುವ ಓಬಿಎಸ್ ಹಾಕಿ ತ್ರಿಕೋನವನ್ನು ರೆಕಾರ್ಡ್ ಮಾಡಿ ಕಳಿಸಿಬಿಡುತ್ತೇನೆ ಅಂತ. ಮ್ಯೂಟ್ ಇದೆಯಲ್ಲ, ಬಾಯಿಗೆ ಬಂದದ್ದು ಗೊಣಗಿಕೊಂಡೂ ಇದ್ದೆ. ಎರಡು ನಿಮಿಷದ ವಿಡಿಯೊ ಆಯಿತು. ಶಬ್ದ ಹೇಗೂ ಬರುತ್ತಿಲ್ಲ, ಕೇಳಿ ನೋಡುವುದೇನು ಅಂತ ಹಾಗೇ ಗುಂಪಿಗೆ ಕಳಿಸಿದೆ.

ಕಾಲಿನ ಮ್ಯೂಟ್ ಕಾಲಿಗೆ ಮಾತ್ರ. ಓಬಿಎಸ್ ಮೈಕನ್ನು ನೇರವಾಗಿ ಕೇಳುತ್ತದೆ, ಜೊತೆಗೆ ಕಂಪ್ಯೂಟರಿನಿಂದ ಹೊರಗೆ ಹೋಗುವ ಶಬ್ದವನ್ನೂ. ಹೀಗಾಗಿ ವಿಡಿಯೊದಲ್ಲಿ ತ್ರಿಕೋನ ಗಂಭೀರವಾಗಿ ತಿರುಗುತ್ತಿದೆ, ಹಿಂದೆ ಮೇಷ್ಟ್ರು ಹತ್ತನೇ ಸಲ ಪ್ಲೇಸ್ಟೇಷನ್ ಅನ್ನುತ್ತಿದ್ದಾರೆ, ಅದರ ಮೇಲೆ ನನ್ನ ದನಿ, ಸ್ಪಷ್ಟವಾಗಿ: “ಅಯ್ಯೋ ಮತ್ತೆ ಶುರುವಾಯ್ತಪ್ಪಾ ಪುರಾಣ. ಲಿನಕ್ಸಿಗೆ ಇಷ್ಟು ಬೈಯೋ ಇವರ ಗ್ರಾಫಿಕ್ಸ್ ಡ್ರೈವರ್ ಬಂದಿರೋದೇ ಲಿನಕ್ಸ್ ಕರ್ನಲ್‌ನಿಂದ, ಅದನ್ನ ಮಾತ್ರ ಹೇಳಲ್ಲ.”

ಗುಂಪಿನಲ್ಲಿ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೊದಲು ಹೈಕು ಅಕ್ಕನದು ಬಂತು: “ತ್ರಿಕೋನ ಚೆನ್ನಾಗಿದೆ.” ಆಮೇಲೆ ಡೆಬಿಯನ್ ಅಣ್ಣ: “ಕಳಿಸೋ ಮೊದಲು ಎಫ್‌ಎಫ್‌ಎಂಪೆಗ್‌ನಲ್ಲಿ ಹೈಫನ್ ಎ-ಎನ್ ಹಾಕಿದ್ರೆ ಆಡಿಯೊ ಹೋಗ್ತಿತ್ತು ಮಾರಾಯ.” ಆರ್ಚ್ ಹುಡುಗ ಬರೀ ನಗುವ ಮುಖಗಳನ್ನು ಕಳಿಸಿದ, ಒಂದು ಪರದೆ ತುಂಬುವಷ್ಟು.

ಮೇಷ್ಟ್ರದು ರಾತ್ರಿ ಬಂತು. ಹೆದರಿಕೊಂಡೇ ತೆರೆದೆ. “ಕೇಳಿದೆ. ನನ್ನ ದನಿ ಎಷ್ಟು ಚೊಕ್ಕವಾಗಿ ಬಂದಿದೆ ನೋಡು, ಒಂದು ಗರಗರ ಇಲ್ಲ. ಮಾತಾಡಿದ್ದು ಫ್ರೀಬಿಎಸ್‌ಡಿಯಿಂದ.”