ಸ್ವಲ್ಪ ಏರಿಳಿತದ ದಾರಿ

ಜನರನ್ನು ನಡೆಸಿ ನಡೆಸಿ ಸುಸ್ತು ಮಾಡಿ, ಅದಕ್ಕೆ ದುಡ್ಡನ್ನೂ ತೆಗೆದುಕೊಳ್ಳುವ ವ್ಯಾಪಾರವೊಂದು ಯೂರೋಪಿನಲ್ಲಿ ಭರ್ಜರಿಯಾಗಿ ನಡೆಯುತ್ತಿದೆ. ಬಸ್ಸಿನಲ್ಲಿ ಕೂರಿಸಿ, ಅಂತ್ಯಾಕ್ಷರಿ ಆಡಿಸಿ, ಹೊತ್ತು ಹೊತ್ತಿಗೆ ಉಪ್ಪಿಟ್ಟು ಕೊಡುವ ನಮ್ಮ ಟೂರುಗಳ ಪೈಕಿ ಅಲ್ಲ ಇದು. ಗೈಡು ಮುಂದೆ ನಡೆಯುತ್ತಾರೆ, ನಾವು ಹಿಂದೆ. ಅಷ್ಟೇ ಏರ್ಪಾಡು. ಮ್ಯೂನಿಕ್‌ನಲ್ಲಿರುವ ಮಗ ಇಟಲಿಯ ಚಿಂಕ್ವೆ ತೆರ್ರೆಗೆ ಇಂಥದ್ದೊಂದನ್ನು ಬುಕ್ ಮಾಡಿ, "ಅಮ್ಮಾ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ದ್ರಾಕ್ಷಿ ತೋಟ, ಮಧ್ಯೆ ನೀವಿಬ್ಬರೂ ಆರಾಮಾಗಿ ವಾಕಿಂಗ್" ಅಂದ. ಟೂರಿನವರ ಪುಸ್ತಿಕೆಯಲ್ಲಿ ಐದು ಬೂಟುಗಳ ಚಿತ್ರವಿತ್ತು, ಅದರಲ್ಲಿ ಎರಡಕ್ಕೆ ಮಾತ್ರ ಬಣ್ಣ ತುಂಬಿತ್ತು. ಸುಲಭಕ್ಕಿಂತ ಒಂದು ಚೂರು ಮೇಲೆ ಅಂತ ಅರ್ಥ. ಕೆಳಗೆ ಒಂದು ಸಾಲು: "ಸ್ವಲ್ಪ ಏರಿಳಿತದ ದಾರಿ."

"ನಾನು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ಕಣೇ" ಅಂದರು ನಮ್ಮವರು. ಹತ್ತಿದ್ದು ಸುಳ್ಳಲ್ಲ. ಆದರೆ ಕೊನೆಯ ಸಲ ಹತ್ತಿದಾಗ ಮೈಸೂರಿನಲ್ಲಿ ಸ್ಕೂಟರಿನವರಿಗೆ ಹೆಲ್ಮೆಟ್ ಕಡ್ಡಾಯವಾಗಿರಲಿಲ್ಲ, ಇಳಿದದ್ದೂ ಬಸ್ಸಿನಲ್ಲಿ.

ಲಿಗುರಿಯಾ ತೀರದ ಈ ಸೀಮೆಯಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೇ ಇಳಿದುಬಿಡುತ್ತದೆ. ಮಾಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ ಅಂತ ಐದು ಊರುಗಳು ಬಂಡೆಗೆ ಕಚ್ಚಿಕೊಂಡು ನಿಂತಿವೆ. ಉಳುವುದಕ್ಕೆ ಸಮತಟ್ಟಾದ ಜಾಗ ಅಂತ ಇಲ್ಲವೇ ಇಲ್ಲ. ಅದಕ್ಕೇ ಅಲ್ಲಿಯ ಜನ ನೂರಾರು ವರ್ಷ ಬೆಟ್ಟವನ್ನು ಪಾವಟಿಗೆ ಪಾವಟಿಗೆಯಾಗಿ ಕಡಿದು, ಮಣ್ಣು ಜಾರದಂತೆ ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿ ಗೋಡೆ ಕಟ್ಟಿ, ದ್ರಾಕ್ಷಿ ಬೆಳೆದರು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲು ಪೇರಿಸುವ ಆ ವಿದ್ಯೆಗೇ 2018ರಲ್ಲಿ ಬೇರೆ ಮಾನ್ಯತೆ ಸಿಕ್ಕಿತು. ಗೋಡೆ ಕಟ್ಟಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ಮೆಟ್ಟಿಲು ಕಟ್ಟಿದವರ ಬಗ್ಗೆ ಅಷ್ಟಿಲ್ಲ. ಒಂದು ಮೆಟ್ಟಿಲು ಪಾದದೆತ್ತರ, ಮುಂದಿನದು ಮಂಡಿಯೆತ್ತರ, ಅದರ ಮುಂದಿನದನ್ನು ಕಟ್ಟುವಾಗ ಮೇಸ್ತ್ರಿಗೆ ಊಟದ ಹೊತ್ತಾಗಿತ್ತೋ ಏನೋ, ಒಂದೇ ಕಲ್ಲು ಓರೆಯಾಗಿ ಕೂತಿದೆ.

ಮೊದಲ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಗೈಡಮ್ಮ ಎಲ್ಲರ ಮುಖ ನೋಡಲಿಲ್ಲ, ಕಾಲು ನೋಡಿದಳು. ಇಂಗ್ಲೆಂಡಿನ ನಿವೃತ್ತ ಮೇಷ್ಟ್ರು ದಂಪತಿ, ಒಬ್ಬ ಡಚ್ ದಂತವೈದ್ಯ, ಎರಡು ಕೋಲು ಹಿಡಿದ ಎಂಬತ್ತರ ಹತ್ತಿರದ ಸ್ಕಾಟ್ಲೆಂಡಿನ ಅಜ್ಜಿ, ಎಲ್ಲರ ಬೂಟುಗಳೂ ಪಾಸಾದವು. ನಮ್ಮವರ ಹವಾಯಿ ಚಪ್ಪಲಿಯ ಮುಂದೆ ಅವಳು ನಿಂತೇಬಿಟ್ಟಳು. ಈ ದಾರಿಗಳಲ್ಲಿ ಚಪ್ಪಲಿ ಹಾಕಿಕೊಂಡು ನಡೆದರೆ ನ್ಯಾಷನಲ್ ಪಾರ್ಕಿನವರು ದಂಡ ಹಾಕುತ್ತಾರಂತೆ, 50 ಯೂರೊದಿಂದ 2,500 ಯೂರೊ ತನಕ. ನಮ್ಮವರು ಬ್ಯಾಂಕಿನಲ್ಲಿದ್ದವರು, ಕಣ್ಣು ಮುಚ್ಚಿ ಗುಣಿಸಿದರು. "ಎರಡು ಲಕ್ಷದ ಮೇಲಾಯ್ತು! ಚಪ್ಪಲಿಗೆ ಕೊಟ್ಟಿದ್ದು ನೂರೈವತ್ತು" ಅಂದರು. ಕೊನೆಗೆ ಅಲ್ಲೇ ಒಂದು ಅಂಗಡಿಯಲ್ಲಿ ಬೂಟು ಕೊಳ್ಳಬೇಕಾಯಿತು. ಅವರ ಅಳತೆಗೆ ಸಿಕ್ಕಿದ್ದು ಒಂದೇ ಜೊತೆ, ಅದರ ಬಣ್ಣ ನಿಂಬೆಹಳದಿ. ದಾರಿಯಲ್ಲಿ ಅವರು ಎಷ್ಟೇ ಹಿಂದೆ ಬಿದ್ದರೂ ನನಗೆ ಹುಡುಕುವ ತಾಪತ್ರಯ ಇರಲಿಲ್ಲ.

ಮಾಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಮೂರೂವರೆ ಕಿಲೋಮೀಟರು. "ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿದಷ್ಟೂ ಇಲ್ಲ" ಅಂದುಕೊಂಡು ಹೊರಟೆವು. ಕೆರೆ ಏರಿಯ ಮೇಲೆ ನೀರು ಎಡಕ್ಕೋ ಬಲಕ್ಕೋ ಇರುತ್ತದೆ. ಇಲ್ಲಿ ಸಮುದ್ರ ಕಾಲಿನ ಕೆಳಗೇ ಇತ್ತು, ಪ್ರತಿ ತಿರುವಿನಲ್ಲೂ ಇನ್ನಷ್ಟು ಕೆಳಗೆ. ದಾರಿ ಎಷ್ಟು ಕಿರಿದೆಂದರೆ ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಬೆನ್ನು ಕೊಟ್ಟು ಅಂಟಿಕೊಳ್ಳಬೇಕು. ಬಂದವರೆಲ್ಲ "ಬೊಂಜೋರ್ನೊ" ಅನ್ನುತ್ತಾರೆ. ಮರ್ಯಾದಸ್ಥ ಮನುಷ್ಯರಾದ ನಮ್ಮವರು ಒಬ್ಬೊಬ್ಬರಿಗೂ ಪೂರ್ತಿ "ಬೊಂಜೋರ್ನೊ" ಹೇಳುತ್ತಾ ಬಂದರು. ಅರ್ಧ ದಾರಿಗೆ ಅದು "ಜೋರ್ನೊ" ಆಯಿತು, ಆಮೇಲೆ ಬರೀ "ನೊ". ಕೊನೆಕೊನೆಗೆ ಎದುಸಿರಿನಲ್ಲಿ ಕೈಯೆತ್ತಿ "ನಮಸ್ಕಾರ" ಅಂದುಬಿಟ್ಟರು. ಆಶ್ಚರ್ಯ ಏನೆಂದರೆ ಒಬ್ಬ ಹುಡುಗ ಹಿಂತಿರುಗಿ, "ನಮಸ್ಕಾರ ಅಂಕಲ್, ಮೇಲೆ ಇನ್ನೂ ತುಂಬಾ ಇದೆ" ಅಂದ. ದಾವಣಗೆರೆಯವನಂತೆ. ಅಷ್ಟು ಹೇಳಿ ಇಳಿದೇ ಹೋದ.

ಗೈಡಮ್ಮನ ಹತ್ತಿರ ಇದ್ದದ್ದು ಒಂದೇ ಉತ್ತರ. ಎಷ್ಟು ದೂರ? "ಹತ್ತು ನಿಮಿಷ." ಟಾಯ್ಲೆಟ್? "ಹತ್ತು ನಿಮಿಷ." ಅರ್ಧ ಗಂಟೆಯ ನಂತರ ಕೇಳಿದರೂ ಹತ್ತೇ ನಿಮಿಷ. ಹಾಗಂತ ಅವಳು ಸುಳ್ಳಿ ಅಲ್ಲ. ಅವಳು ನಡೆದರೆ ಹತ್ತೇ ನಿಮಿಷ. ನನಗೆ ಉಸಿರು ಹಿಡಿದಾಗಲೆಲ್ಲ ನಿಂತು ಸಮುದ್ರ ನೋಡುವ ನೆಪ ಮಾಡುತ್ತಿದ್ದೆ, ಹಾಗಾಗಿ ಆ ಗುಂಪಿನಲ್ಲಿ ಅತಿ ಹೆಚ್ಚು ಸಮುದ್ರ ನೋಡಿದವಳು ನಾನೇ. ಸ್ಕಾಟ್ಲೆಂಡಿನ ಅಜ್ಜಿ ಏನೂ ನೋಡಲಿಲ್ಲ, ಟಕಟಕ ಕೋಲು ಊರಿಕೊಂಡು ಮುಂದೆ ಹೋಗಿ ವೆರ್ನಾತ್ಸಾದಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ನಮಗಾಗಿ ಕಾಯುತ್ತಿದ್ದಳು.

ಸಂಜೆ ಮಾಂತೆರೊಸ್ಸೊ ಬೀಚಿನ ತುದಿಯಲ್ಲಿ ರೋಮನ್ನರ ಸಮುದ್ರದೇವ ನೆಪ್ಚೂನನ ದೊಡ್ಡ ಮೂರ್ತಿಯ ಹತ್ತಿರ ಕೂತೆವು. 1910ರಲ್ಲಿ ಮಾಡಿದ್ದು, ಹದಿನಾಲ್ಕು ಮೀಟರ್ ಎತ್ತರ. ಎರಡನೇ ಮಹಾಯುದ್ಧದ ಬಾಂಬು, ಆಮೇಲೆ ಅಲೆಗಳ ಹೊಡೆತ ಎಲ್ಲ ಸೇರಿ ಕೈ ಹೋಗಿ, ತ್ರಿಶೂಲವೂ ಹೋಗಿ ನಿಂತಿದ್ದಾನೆ. ನಮ್ಮವರು ಬೂಟು ಬಿಚ್ಚಿ ಅವನನ್ನು ಬಹಳ ಹೊತ್ತು ನೋಡಿದರು. "ಪಾಪ, ಅವನಿಗೆ ಕೈ ಹೋಯ್ತು, ನನಗೆ ಕಾಲು."

ಇನ್ನು ರೈಲಿನ ವಿಷಯ. 1874ರಲ್ಲಿ ಜಿನೋವಾ–ಲಾ ಸ್ಪೇತ್ಸಿಯಾ ಹಳಿ ಮುಗಿಯುವ ತನಕ ಈ ಊರುಗಳಿಗೆ ದೋಣಿ, ಇಲ್ಲವೇ ಕಾಲುದಾರಿ. ಈಗ ಒಂದೂರಿಂದ ಇನ್ನೊಂದೂರಿಗೆ ಮೂರ್ನಾಲ್ಕು ನಿಮಿಷ, ಹೆಚ್ಚುಕಮ್ಮಿ ಅಷ್ಟೂ ಸುರಂಗದೊಳಗೆ. ಕತ್ತಲು, ಒಂದು ಕ್ಷಣ ಫಳಕ್ಕನೆ ನೀಲಿ ಸಮುದ್ರ, ಮತ್ತೆ ಕತ್ತಲು. ಎರಡನೇ ಸಲ ವೆರ್ನಾತ್ಸಾಕ್ಕೆ ರೈಲಿನಲ್ಲಿ ಹೋದಾಗ, ಸೀಟು ಸಿಕ್ಕಿದ ಖುಷಿಯಲ್ಲಿ ನಮ್ಮವರು ಹಿಂದಿನ ಡಬ್ಬಿಯಲ್ಲಿ ಕೂತರು. ಅಲ್ಲಿಯ ಪ್ಲಾಟ್‌ಫಾರ್ಮಿಗೆ ಬಯಲು ಸಾಲದೆ ಅದರ ಒಂದು ಭಾಗ ಸುರಂಗದೊಳಗೇ ಇದೆ. ರೈಲು ನಿಂತಿತು, ನಾವೆಲ್ಲ ಬಿಸಿಲಿಗೆ ಇಳಿದೆವು. ಅವರ ಕಿಟಕಿಗೆ ಕಂಡದ್ದು ಬರೀ ಕಪ್ಪು ಗೋಡೆ. ಕ್ರಾಸಿಂಗ್ ಇರಬೇಕು ಅಂತ ಶಿಸ್ತಾಗಿ ಕೂತೇ ಇದ್ದರಂತೆ. ನಮ್ಮ ಕಣ್ಣೆದುರೇ ಬಾಗಿಲು ಮುಚ್ಚಿ, ರೈಲು ಹೊರಟು, ನಿಂಬೆಹಳದಿ ಬೂಟು ಮುಂದಿನ ಸುರಂಗದಲ್ಲಿ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಫೋನು. "ಲೇ, ಇಲ್ಲಿ ಊರೇ ಇಲ್ಲ ಕಣೇ, ಬರೀ ಸ್ಟೇಷನ್ ಇದೆ!"

ಅದು ಕೊರ್ನೀಲಿಯಾ. ಐದರಲ್ಲಿ ಈ ಊರೊಂದೇ ನೀರಿನ ಪಕ್ಕ ಇಲ್ಲ, ನೂರು ಮೀಟರ್ ಮೇಲೆ ಬಂಡೆಯ ತಲೆಯ ಮೇಲಿದೆ. ಸ್ಟೇಷನ್ ಮಾತ್ರ ಕೆಳಗೆ. "ರೀ, ಅಲ್ಲೇ ಇರಿ, ವಾಪಸ್ ರೈಲು ಹತ್ತಿ" ಅಂದೆ. ಗೈಡಮ್ಮನೂ ಫೋನು ಕಿತ್ತುಕೊಂಡು ಅದನ್ನೇ ಹೇಳಿದಳು. ಅವರಿಗೆ ಕೇಳಿಸಿದ್ದು "ಅಲ್ಲೇ... ಹತ್ತಿ" ಅಷ್ಟೇ. ಎದುರಿಗೆ ಇಟ್ಟಿಗೆಯ ಮೆಟ್ಟಿಲುಗಳಿದ್ದವು, ಹತ್ತಿದರು. ಲಾರ್ದಾರೀನಾ ಅಂತ ಹೆಸರಿರುವ ಆ ಮೆಟ್ಟಿಲು 33 ತಿರುವಿನಲ್ಲಿ 380ರ ಆಸುಪಾಸು ಇವೆ. ಮೇಲೆ ತಲುಪಿ ಬೆವರು ಒರೆಸಿಕೊಳ್ಳುವಾಗ, ಸ್ಟೇಷನ್ನಿನಿಂದಲೇ ಹೊರಟಿದ್ದ ಪುಟ್ಟ ಬಸ್ಸೊಂದು ಪಕ್ಕದಲ್ಲಿ ಬಂದು ನಿಂತು, ಅದರಿಂದ ಅವರದೇ ರೈಲಿನಲ್ಲಿ ಎದುರು ಸೀಟಿನಲ್ಲಿದ್ದ ದಂಪತಿ ಐರನ್ ಮಾಡಿದ ಬಟ್ಟೆಯಲ್ಲಿ ಇಳಿದರಂತೆ. ಆ ಬಸ್ಸಿನ ಮೇಲೆ ಅವರಿಗಿರುವ ಸಿಟ್ಟು ಇನ್ನೂ ಆರಿಲ್ಲ. ಮರುದಿನ ನಮ್ಮ ಗುಂಪು ಕೊರ್ನೀಲಿಯಾಕ್ಕೆ ಹೋದಾಗ ಗೈಡಮ್ಮ ಉತ್ಸಾಹದಿಂದ, "ಮೆಟ್ಟಿಲೋ ಬಸ್ಸೋ?" ಅಂತ ಕೇಳಿದಳು. ಅವಳ ಮಾತು ಮುಗಿಯುವುದರೊಳಗೆ ಅವರು ಬಸ್ಸಿನಲ್ಲಿದ್ದರು.

ಊಟದ ಕಷ್ಟ ಬೇರೆ. ಮಾಂತೆರೊಸ್ಸೊದ ಉಪ್ಪು ಹಾಕಿದ ಆಂಚೊವಿ ಮೀನು ಹೆಸರುವಾಸಿ. ಮಾಂಸ ಬೇಡ, ಮೀನು ಬೇಡ ಅಂತ ಮೂರು ಸಲ ಹೇಳಿ ತರಿಸಿದ ಪಿಜ್ಜಾದ ಮೇಲೆ ಕಂದು ಬಣ್ಣದ ಉದ್ದನೆಯ ಚೂರುಗಳಿದ್ದವು. ನಮ್ಮವರ ಮುಖ ಅರಳಿತು: "ನೋಡಿದ್ಯಾ, ಮಜ್ಜಿಗೆ ಮೆಣಸಿನಕಾಯಿ!" ನಾನು ಕೈ ತಡೆದೆ. ಮಾಣಿಯನ್ನು ಕೇಳಿದರೆ ಅವನಿಗೇ ಬೇಜಾರು. "ಮೀನಲ್ಲ ಸಿನ್ಯೋರಾ, ರುಚಿಗೆ ಆಂಚೊವಿ." ಆಮೇಲಿಂದ ಪೆಸ್ತೊ ಗತಿ. ತುಳಸಿಯ ಜಾತಿಯ ಬೇಸಿಲ್ ಸೊಪ್ಪು, ಬೆಳ್ಳುಳ್ಳಿ, ಪೈನ್ ಬೀಜ, ಆಲಿವ್ ಎಣ್ಣೆ, ಚೀಸ್ ಹಾಕಿ ಅಮೃತಶಿಲೆಯ ಒರಳಿನಲ್ಲಿ ಅರೆದ ಹಸಿರು ಚಟ್ನಿ. ತ್ರೋಫಿಯೆ ಅನ್ನುವ ಪಾಸ್ತಾಕ್ಕೆ ಆಲೂಗಡ್ಡೆ, ಹುರುಳಿಕಾಯಿ ಸೇರಿಸಿ ಕಲಸಿ ಕೊಡುತ್ತಾರೆ. ಬಹಳ ರುಚಿ. ಎರಡು ಹಸಿಮೆಣಸಿನಕಾಯಿ ಬಿದ್ದಿದ್ದರೆ ಪೂರ್ಣವಾಗುತ್ತಿತ್ತು ಅನ್ನುವುದು ನಮ್ಮವರ ತೀರ್ಪು. ಅದರೊಳಗಿನ ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಅವರಿಗೆ ಈ ಬರಹ ಓದಿದ ಮೇಲೆ ಗೊತ್ತಾಗುತ್ತದೆ.

ಪೂರ್ತಿ ನೆಮ್ಮದಿ ಕೊಟ್ಟದ್ದು ಫರಿನಾತಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಅಂಚು ಗರಿಗರಿಯಾಗಿ ಕೆಂಪಗಾದ ಮೇಲೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ನಮ್ಮವರು ಬ್ಯಾಗಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಅಂಗಡಿಯವನು ಇಣುಕಿ, ಮೂಸಿ, ಒಂದು ಚಿಟಿಕೆ ನಾಲಿಗೆಗಿಟ್ಟುಕೊಂಡು, ಕಣ್ಣಲ್ಲಿ ನೀರು ಬಂದಮೇಲೂ ಕೈ ಚಾಚಿದ. ಆ ಡಬ್ಬಿ ಅಲ್ಲೇ ಖಾಲಿಯಾಯಿತು.

ಕೊರ್ನೀಲಿಯಾದಿಂದ ಮನರೋಲಾಕ್ಕೆ ಸಮುದ್ರದ ಪಕ್ಕದ ಸಲೀಸು ದಾರಿಯೊಂದಿದೆ. ಗುಡ್ಡ ಕುಸಿದು ಎಷ್ಟೋ ವರ್ಷದಿಂದ ಮುಚ್ಚಿದೆ. ಹಾಗಾಗಿ ವೊಲಾಸ್ತ್ರಾ ಅನ್ನುವ ಬೆಟ್ಟದ ಮೇಲಿನ ಹಳ್ಳಿಗೆ ಹತ್ತಿ, ಅಲ್ಲಿಂದ ಇಳಿಯಬೇಕು. ದಾರಿಯುದ್ದಕ್ಕೂ ದ್ರಾಕ್ಷಿ ಚಪ್ಪರ ಮೈಗೆ ತಗಲುತ್ತದೆ. ಅದರ ನಡುವೆ ಒಂದೇ ಕಂಬಿಯ ಮೇಲೆ, ಹಲ್ಲುಚಕ್ರ ಕಚ್ಚಿಕೊಂಡು ಕಡಿದಾದ ಇಳಿಜಾರಿನಲ್ಲಿ ಗುರ್ ಅನ್ನುತ್ತಾ ಒಂದು ಪುಟಾಣಿ ಗಾಡಿ ಬಂತು. ಮುಂದೆ ಓಡಿಸುವವನಿಗೆ ಒಂದು ಸೀಟು, ಹಿಂದೆ ಕುಕ್ಕೆಗಳಿಗೆ ತೊಟ್ಟಿ. ಕೊಯ್ಲಿನಲ್ಲಿ ದ್ರಾಕ್ಷಿ ಸಾಗಿಸುವುದಕ್ಕಂತೆ. ಆ ದ್ರಾಕ್ಷಿಯನ್ನು ಒಣಗಿಸಿ ಶಾಕೆತ್ರಾ ಅನ್ನುವ ಸಿಹಿ ವೈನ್ ಮಾಡುತ್ತಾರೆ, ಬಲು ದುಬಾರಿ. ತೊಟ್ಟಿ ಖಾಲಿ ಇತ್ತು. ನಾನು ಗೈಡಮ್ಮನ ಮುಖ ನೋಡಿದೆ. "ದ್ರಾಕ್ಷಿಗೆ ಮಾತ್ರ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿ ಇಟಲಿಯಲ್ಲಿ ಒಂದು ಗೊನೆ ದ್ರಾಕ್ಷಿಗಿರುವ ಅನುಕೂಲವೂ ನನಗಿಲ್ಲ ಅಂತಾಯಿತು.

ಇಳಿಯುವಾಗಲೇ ನಮ್ಮವರ ಮಂಡಿ ಕೈಕೊಟ್ಟದ್ದು. ಹತ್ತುವುದನ್ನು ಬೈಯುತ್ತೇವೆ, ಇಳಿಯುವುದೇ ನಿಜವಾದ ಪೀಡೆ. ಡಚ್ ದಂತವೈದ್ಯ ಬ್ಯಾಂಡೇಜು ಸುತ್ತಿಕೊಟ್ಟ. ಹಲ್ಲಾಗಿದ್ದರೆ ಇನ್ನೂ ಚೆನ್ನಾಗಿ ನೋಡಬಹುದಿತ್ತು ಅಂತ ಕ್ಷಮೆ ಬೇರೆ ಕೇಳಿದ.

ಕೊನೆಯ ನಡಿಗೆ ವಿಯಾ ದೆಲ್ಲಮೋರೆ, ಪ್ರೇಮಿಗಳ ದಾರಿ. ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ಒಂದು ಕಿಲೋಮೀಟರಿಗೂ ಕಡಿಮೆ. 2012ರಲ್ಲಿ ಬಂಡೆ ಉರುಳಿ ಪ್ರವಾಸಿಗಳಿಗೆ ಪೆಟ್ಟಾದ ಮೇಲೆ ಮುಚ್ಚಿದ್ದನ್ನು ಮತ್ತೆ ತೆರೆದದ್ದು 2024ರಲ್ಲಿ. ಇಡೀ ಕರಾವಳಿಯಲ್ಲಿ ನಾನು ಕಂಡ ಸಮತಟ್ಟಾದ ದಾರಿ ಇದೊಂದೇ, ಅದಕ್ಕೇ ಬೇರೆ ಟಿಕೆಟ್ಟು, ಬೇರೆ ಹೊತ್ತು ಗೊತ್ತುಮಾಡಿದ್ದಾರೆ. ಮೆಟ್ಟಿಲಿಲ್ಲದ್ದಕ್ಕೆ ದುಡ್ಡು ಕೇಳುವುದು ನ್ಯಾಯವಾಗಿಯೇ ಇದೆ ಅನ್ನಿಸಿತು. ಎಳೆಯ ಜೋಡಿಗಳೆಲ್ಲ ಕೈ ಕೈ ಹಿಡಿದು ಹೋಗುತ್ತಿದ್ದವು. ನಮ್ಮವರೂ ನನ್ನ ಹೆಗಲ ಮೇಲೆ ಕೈ ಹಾಕಿ, ಪೂರ್ತಿ ಭಾರ ಬಿಟ್ಟು, ಒಂದು ಕಾಲೆಳೆದುಕೊಂಡು ಬರುತ್ತಿದ್ದರು. ಇಂಗ್ಲೆಂಡಿನ ಮೇಷ್ಟ್ರ ಹೆಂಡತಿ ಹಿಂದಿನಿಂದ ನೋಡಿ ಕರಗಿಹೋದಳು. "ಇಷ್ಟು ವರ್ಷವಾದರೂ ಎಂಥ ಪ್ರೀತಿ!" ಅಂತ ಫೋಟೊ ಮೇಲೆ ಫೋಟೊ ತೆಗೆದಳು. ಮಗನಿಗೂ ಕಳಿಸಿದ್ದಾಯಿತು. ಅವನು ಹೃದಯದ ಚಿತ್ರಗಳನ್ನು ಸುರಿದು, "ಮುಂದಿನ ವರ್ಷ ಮೂರು ಬೂಟಿಂದು ಬುಕ್ ಮಾಡ್ಲಾ?" ಅಂತ ಬರೆದ.

"ಏನಂತೆ?" ಅಂದರು ನಮ್ಮವರು.

"ಫೋಟೊ ಚೆನ್ನಾಗಿ ಬಂದಿದೆಯಂತೆ ರೀ."

"ಬ್ಯಾಂಡೇಜು ಕಾಣ್ಸತ್ತಾ ನೋಡು. ಕಾಣ್ಸಬೇಕು."