ನೋಟರಿ ಎದುರು ಬಾಯಿಬಿಟ್ಟು ಹೇಳಲೇಬೇಕಾದ ಒಂದು ವಾಕ್ಯ

ಕೋರ್ಟ್ ಸುತ್ತಮುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಅಫಿಡವಿಟ್ ಅಂದರೆ ಇ-ಸ್ಟಾಂಪ್ ಕಾಗದ, ಒಂದು ಸಹಿ, ಒಂದು ಸೀಲು, ಅಷ್ಟೇ ಆಗಿಬಿಟ್ಟಿದೆ. ಹುಡುಗನ ಕೈಯಲ್ಲಿ ಕಾಗದ ಕಳಿಸಿ ಸೀಲು ಹಾಕಿಸಿಕೊಳ್ಳುವುದು ಯಾರಿಗೂ ತಪ್ಪು ಅನ್ನಿಸುವುದಿಲ್ಲ. ಇದು ನಿಲ್ಲಬೇಕು. 1952ರ ನೋಟರಿ ಕಾಯ್ದೆಯ 8ನೇ ಕಲಮು ನೋಟರಿಗೆ ಪ್ರಮಾಣ ಬೋಧಿಸುವ ಅಧಿಕಾರ ಕೊಟ್ಟಿದೆ. ಎದುರಿಗೆ ಆಸಾಮಿಯೇ ಇಲ್ಲದಿದ್ದರೆ ಬೋಧಿಸುವುದು ಯಾರಿಗೆ?

ಸರಿಯಾದ ಕ್ರಮಕ್ಕೆ ಹೆಚ್ಚು ಹೊತ್ತೇನೂ ಬೇಡ. ಗುರುತಿನ ಚೀಟಿಯನ್ನು ಕಾಗದದ ಹೆಸರು, ವಿಳಾಸದ ಜತೆ ತಾಳೆ ನೋಡಬೇಕು. ಸಹಿ ಮೊದಲೇ ಹಾಕಿಕೊಂಡು ಬಂದಿದ್ದರೆ ಎದುರಲ್ಲೇ ಇನ್ನೊಮ್ಮೆ ಹಾಕಿಸಬೇಕು. ಆಮೇಲೆ 1969ರ ಪ್ರಮಾಣ ಕಾಯ್ದೆಯ 4ನೇ ನಮೂನೆಯಂತೆ ಹೇಳಿಸಬೇಕು: ಇದು ನನ್ನದೇ ಹೆಸರು, ನನ್ನದೇ ಸಹಿ, ಇದರಲ್ಲಿ ಬರೆದಿರುವುದು ಸತ್ಯ ಎಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ. ದೇವರ ಹೆಸರು ಬೇಡ ಅನ್ನುವವರು ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ ಅಂದರೆ ಸಾಕು. ಎರಡಕ್ಕೂ ತೂಕ ಒಂದೇ. ಯಾವುದು ಬೇಕೆಂದು ಕೇಳಿ ಇನ್ನೊಂದನ್ನು ಹೊಡೆದುಹಾಕಬೇಕು. ಕೇಳುವವರೇ ಕಡಿಮೆ, ಆ ಬೇಸರ ನನಗಿದೆ.

ಕೆಲಸ ಕೆಡುವುದು ಹೆಚ್ಚಾಗಿ ಕೊನೆಯ ನಾಲ್ಕು ಸಾಲಿನಲ್ಲಿ. 'ನನ್ನ ಸಮಕ್ಷಮ ಪ್ರಮಾಣೀಕರಿಸಲಾಗಿದೆ' ಅಂತ ಇರುತ್ತದೆ, ಆದರೆ ಊರು, ತಾರೀಖು ಖಾಲಿ. ಇಲ್ಲವೇ ಸಹಿ ಹಾಕಿದ ತಾರೀಖಿನ ನಂತರ ಕೊಂಡ ಇ-ಸ್ಟಾಂಪ್! ಪಾಟೀಸವಾಲಿನಲ್ಲಿ ಎದುರಾಳಿ ವಕೀಲರು ಮೊದಲು ಹಿಡಿಯುವುದೇ ಇದನ್ನು. ತಿದ್ದಿದ ಕಡೆಯಲ್ಲೆಲ್ಲ ಚಿಕ್ಕಸಹಿ ಬೇಕು, ಪ್ರತಿ ಪುಟದಲ್ಲೂ ಸಹಿ ಬೇಕು. ನೋಟರಿಯ ಸೀಲು 5 ಸೆಂ.ಮೀ. ವ್ಯಾಸದ ದುಂಡು ಸೀಲು. ರಿಜಿಸ್ಟರಿನ ಕ್ರಮಸಂಖ್ಯೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ, ರಿಜಿಸ್ಟರಿನಲ್ಲಿ ನೀವೂ ಸಹಿ ಹಾಕಿ. ಮುಂದೆ ನೀವು ಅಲ್ಲಿಗೆ ಹೋಗಿದ್ದಿರಿ ಅನ್ನುವುದಕ್ಕೆ ಅದೇ ಆಧಾರ.

ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಇನ್ನೂ ಎಚ್ಚರ ಬೇಕು. ಇಂಗ್ಲಿಷ್ ಅಫಿಡವಿಟ್ ಆದರೆ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿ, 'ಓದಿ ಹೇಳಿ ವಿವರಿಸಲಾಗಿದೆ, ಅರ್ಥವಾಗಿದೆ ಎಂದು ಒಪ್ಪಿದ್ದಾರೆ' ಎಂದು ಬರೆಯಲೇಬೇಕು. ಅಫಿಡವಿಟ್‌ನಲ್ಲಿ ಪ್ರಮಾಣ ಮಾಡಿ ಹೇಳಿದ್ದು ಸುಳ್ಳಾದರೆ ಭಾರತೀಯ ನ್ಯಾಯ ಸಂಹಿತೆಯ 216ನೇ ಕಲಮಿನಡಿ 3 ವರ್ಷದವರೆಗೆ ಜೈಲು, ಜತೆಗೆ ದಂಡ. ತನ್ನ ಕಾಗದದಲ್ಲಿ ಏನಿದೆ ಅಂತಲೇ ತಿಳಿಯದವರನ್ನು ಆ ಅಪಾಯಕ್ಕೆ ತಳ್ಳುವ ಹಕ್ಕು ಟೈಪಿಸ್ಟಿಗೂ ಇಲ್ಲ, ವಕೀಲರಿಗೂ ಇಲ್ಲ, ನೋಟರಿಗೂ ಇಲ್ಲ.